ಪರದೆಯ ಪಕ್ಕದ ಬಲ್ಬು

ಮಿರ್ಲೆಯ ಕಂಠಪ್ಪನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಮದುವೆಯಾದ ಹದಿನಾಲ್ಕು ವರ್ಷಗಳಿಂದ ಹೆಂಡತಿ ಪುಟ್ಟತಾಯಮ್ಮ ಗದ್ದೆ ಕೆಲಸದಿಂದ ಹಿಡಿದು ನೆಂಟರ ಜಗಳದವರೆಗೆ ಎಲ್ಲವನ್ನೂ ಅವನಿಗೆ ಕೈಯಲ್ಲೇ ಹೇಳುತ್ತಿದ್ದಳು.

ಎಪ್ಪತ್ತೊಂದನೇ ಇಸವಿಯಲ್ಲಿ ಭತ್ತಕ್ಕೆ ಹುಳ ಬಿದ್ದಾಗ ಔಷಧಿ ಕಂಪನಿಯೊಂದರ ವ್ಯಾನು ಬಂದು, ಸ್ಕೂಲಿನ ಮುಂದೆ ಪರದೆ ಕಟ್ಟಿ ಸಿನಿಮಾ ತೋರಿಸಿತು. ಪುಟ್ಟತಾಯಮ್ಮ ಅಂದು ತವರಿನಲ್ಲಿದ್ದಳು. ಪರದೆಯ ಮೇಲೆ ರೈತನೊಬ್ಬ ಬರಿಮೈಯಲ್ಲಿ ನಗುತ್ತ ಔಷಧಿ ಹೊಡೆದ. ಕಂಠಪ್ಪನೂ ಮರುವಾರ ಹಾಗೆಯೇ ಹೊಡೆದ, ಗಾಳಿಗೆ ಮುಖ ಕೊಟ್ಟು. ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ವಾಂತಿ ಮಾಡುತ್ತ ಬಿದ್ದಿದ್ದ. ಆಸ್ಪತ್ರೆಯಲ್ಲಿ ಎದ್ದು ಕೂರಲು ಆರು ದಿನ ಹಿಡಿಯಿತು.

"ಮೂಗಿಗೆ ಬಟ್ಟೆ ಕಟ್ಕಳಿ, ಗಾಳಿ ಬೆನ್ನಿಗಿರ್ಲಿ ಅಂತ ಸಿನಿಮಾದಲ್ಲೇ ಯೋಳಿದ್ರು ಕಣವ್ವ," ಎಂದ ಪಕ್ಕದ ಗದ್ದೆಯ ದೇವಯ್ಯ.

"ಯೋಳಿದ್ರು. ತೋರಿಸ್ಲಿಲ್ವಲ್ಲ," ಎಂದಳು ಪುಟ್ಟತಾಯಮ್ಮ.

ಮುಂದಿನ ಬೆಳೆಗೆ ವ್ಯಾನು ಮತ್ತೆ ಬಂತು. ಹೊತ್ತು ಮುಳುಗುವ ಮೊದಲೇ ಅವಳು ಸಿನಿಮಾ ಮಿಷನ್ ನಡೆಸುವ ವೀರಭದ್ರಸ್ವಾಮಿಯ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದಳು. "ಮಾತು ಬಂದಾಗೆಲ್ಲ ಒಸಿ ನಿಲ್ಸಿ ಸ್ವಾಮಿ. ನಮ್ಮೋರ್ಗೆ ಕೈಲಿ ಯೋಳ್ತೀನಿ."

"ನಿಲ್ಸಿದ್ರೆ ರೀಲು ಸುಟ್ಟೋಗುತ್ತೆ ಕಣಮ್ಮ."

ಆದರೂ ಕತ್ತಲಲ್ಲಿ ಅವಳ ಕೈ ಕಾಣಲೆಂದು ಆತ ವ್ಯಾನಿನಿಂದ ವೈರು ಎಳೆದು ಪರದೆಯ ಪಕ್ಕಕ್ಕೊಂದು ಸಣ್ಣ ಬಲ್ಬು ಕಟ್ಟಿದ. ನೂರಾರು ಸಲ ಕೇಳಿ ಬಾಯಿಪಾಠವಾಗಿದ್ದ ಸಿನಿಮಾದ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟ. ವಿಷ ಎನ್ನುವುದಕ್ಕೆ ಗಂಡಹೆಂಡಿರ ನಡುವೆ ಸನ್ನೆ ಇರಲಿಲ್ಲ. ಪುಟ್ಟತಾಯಮ್ಮ ಹೊಟ್ಟೆ ಹಿಡಿದು ಬಾಗಿ ತೋರಿಸಿದಳು. "ಅಷ್ಟು ಸಾಕು," ಎಂದ ಆತ.

ಸಿನಿಮಾ ಶುರುವಾದಾಗ ಹಿಂದಿನಿಂದ ಯಾರೋ ನಕ್ಕರು. ಬಲ್ಬಿನ ಕೆಳಗೆ ನಿಂತ ಅವಳ ಕೈಗಳು ಮೊದಲು ಮೇಲೇಳಲಿಲ್ಲ. ಕಂಠಪ್ಪ ತನ್ನತ್ತ ತಿರುಗಿದ್ದು ಕಂಡ ಮೇಲೆ ಎದ್ದವು. ಅವನು ಚಿತ್ರ ನೋಡಿದರೆ ಕೈ ತಪ್ಪುತ್ತಿತ್ತು, ಕೈ ನೋಡಿದರೆ ಚಿತ್ರ. ಜನ ಚದುರಿದ ಮೇಲೆ ವೀರಭದ್ರಸ್ವಾಮಿ ರೀಲನ್ನು ಹಿಂದಕ್ಕೆ ಸುತ್ತಿ, ಅವನೊಬ್ಬನಿಗಾಗಿ ಇನ್ನೊಮ್ಮೆ ಓಡಿಸಿದ.

ಎಲ್ಲ ತಿಳಿದ ಮೇಲೆ ಕಂಠಪ್ಪ ಔಷಧಿ ಡಬ್ಬಿಯನ್ನು ಮುಟ್ಟಲೂ ಒಪ್ಪಲಿಲ್ಲ. ಪುಟ್ಟತಾಯಮ್ಮ ಬಟ್ಟೆ ಕಟ್ಟಿ ತೋರಿಸಿದಳು, ಗಾಳಿಯ ದಿಕ್ಕು ತೋರಿಸಿದಳು. ಅವನು ತಲೆದೂಗಿ, ಕೈ ಅಡ್ಡ ಆಡಿಸಿದ: ಗೊತ್ತಾಯಿತು, ಆದರೂ ಬೇಡ. ಆ ಸಲ ಅವರ ಗದ್ದೆಯಲ್ಲಿ ಕಾಲುಭಾಗ ಪೈರು ಹುಳದ ಪಾಲಾಯಿತು. ಅದಕ್ಕಾಗಿ ಅವನನ್ನು ದೂರಲು ಅವಳು ಕೈಯೆತ್ತಲಿಲ್ಲ.