ಮುಳ್ಳುಹಂದಿಯ ದನಿ

ಅವನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಬೇಕು. ಕಿಟಕಿಯಿಲ್ಲದ ಕೋಣೆ, ಉಜ್ಜುವ ಯಂತ್ರದ ಕಿರುಚು, ಮೂಗಿನ ತುಂಬ ಬಿಳಿ ಪುಡಿ. "ಇಡೀ ದಿನ ಬಾಯಿಗಳ ಮಧ್ಯೆ ಕೂತಿರ್ತಾನೆ, ಮಾತಾಡೋಕೆ ಒಂದೂ ಇಲ್ಲ" ಎಂದು ಅಕ್ಕ ನಗುತ್ತಿದ್ದಳು.

ಮಾತು ಸಿಗುತ್ತಿದ್ದುದು ಸಂಜೆ, ಆಟದಲ್ಲಿ. ಬರಿಗೈಯಲ್ಲಿ ಕಾಡಿಗೆ ಬಿದ್ದು, ಮರ ಕಡಿದು, ಮನೆ ಕಟ್ಟಿಕೊಂಡು, ಹಸಿವು, ಚಳಿ, ತೋಳಗಳ ನಡುವೆ ಬದುಕಿ ಉಳಿಯಬೇಕಾದ ಆಟ ಅದು. ಅವನ ಮನೆಯ ಮೆಟ್ಟಿಲ ಕೆಳಗಿದ್ದ ಹಳೆಯ ಕಂಪ್ಯೂಟರೇ ಸರ್ವರ್. ಬೇರೆ ಬೇರೆ ಊರುಗಳ ಹನ್ನೊಂದು ಜನ ಅಲ್ಲಿ ಸೇರುತ್ತಿದ್ದರು. ಯಾರೂ ಯಾರ ಮುಖವನ್ನೂ ಕಂಡಿರಲಿಲ್ಲ, ಮಾತೆಲ್ಲ ಟೈಪ್ ಮಾಡಿಯೇ. ಸರ್ವರ್ ಅವನದಾದ್ದರಿಂದ ಎಲ್ಲರ ಬಾಯಲ್ಲೂ ಅವನು ಯಜಮಾನ.

ಆ ಹನ್ನೊಂದರಲ್ಲಿ ಒಬ್ಬಳಿಗೆ ಮುಳ್ಳುಹಂದಿ ಎಂದು ಹೆಸರು ಬಿದ್ದಿತ್ತು. ಅವಳು ಮನೆಯ ಗೋಡೆ ಏಳುವ ಮೊದಲೇ ಸುತ್ತ ಮೂರು ಸಾಲು ಚೂಪುಗೂಟ ನೆಟ್ಟಿದ್ದಳು. ಒಳಗೆ ತರಕಾರಿ ಮಡಿಗಳು ಬಳೆಯಂತೆ ಗುಂಡಗೆ. ಎಂಟು ತಿಂಗಳಲ್ಲಿ ಅವಳು ತನ್ನ ಬಗ್ಗೆ ಹೇಳಿಕೊಂಡದ್ದು ಒಂದೇ, ಒಬ್ಬಳು ಮಗಳಿದ್ದಾಳೆ ಅಂತ. ಆದರೆ ಯಾರು ತೋಳದ ಬಾಯಿಗೆ ಸಿಕ್ಕರೂ ಮೊದಲು ಓಡಿ ಬರುತ್ತಿದ್ದವಳು ಅವಳೇ.

ಸಾಧು ಎಂಬ ಹೆಸರಿನವನು ಬಂದದ್ದು ತೀರ ಈಚೆಗೆ. ಹೆಸರಿಗೆ ತಕ್ಕ ಹಾಗೆ ಮೆತ್ತಗಿನ ಮನುಷ್ಯ. ಎಲ್ಲರಿಗೂ ಸೌದೆ ಒಟ್ಟಿ ಕೊಡುತ್ತಿದ್ದ, ಸೇತುವೆ ಕಟ್ಟಲು ಕೈ ಹಾಕುತ್ತಿದ್ದ. ಬಂದ ಎರಡನೇ ವಾರ ಅವನೇ ಯಜಮಾನನಿಗೆ ಬರೆದ: "ದನಿಯ ಮಾಡ್ ಒಂದಿದೆ. ಆಟದಲ್ಲಿ ಹತ್ತಿರ ನಿಂತವರ ಮಾತು ನಿಜವಾಗ್ಲೂ ಕೇಳಿಸುತ್ತೆ. ಹಾಕೋಣ್ವಾ?"

ಮಾಡ್ ಎಂದರೆ ಆಟಕ್ಕೆ ಹೊರಗಿನಿಂದ ಜೋಡಿಸುವ ತುಣುಕು. ಮುಳ್ಳುಹಂದಿ ಒಬ್ಬಳೇ ಬೇಡ ಎಂದಳು. ಉಳಿದವರಿಗೆಲ್ಲ ಹುಮ್ಮಸ್ಸು.

ಭಾನುವಾರ ಬೆಳಿಗ್ಗೆ ಅವನು ಸರ್ವರ್ ನಿಲ್ಲಿಸಿ, ಎಲ್ಲರೂ ಕಟ್ಟಿದ ಲೋಕವನ್ನು ಬೇರೆ ಡಿಸ್ಕಿಗೆ ನಕಲಿಸಿಟ್ಟು, ಕೆಲಸಕ್ಕೆ ಕೂತ.

"ಏನೋ ಅದು ಎದ್ದಾಗಿಂದ?" ಅಕ್ಕ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಕೇಳಿದಳು.

"ಮಾಡ್ ಹಾಕ್ತಿದೀನಿ ಅಕ್ಕ."

"ಮಾಡು, ಮಾಡು. ಇದನ್ನ ಒಣಗಿಸೋದನ್ನೂ ಮಾಡಿದ್ರೆ ಪುಣ್ಯ ಬರ್ತಿತ್ತು."

ಮೊದಲ ಸಲ ಸರ್ವರ್ ಏಳುತ್ತಿದ್ದಂತೆಯೇ ಬಿದ್ದುಹೋಯಿತು. ಮಾಡ್ ಆಟದ ಹಳೆಯ ಆವೃತ್ತಿಯದು. ಸಾಧು ತಾಳ್ಮೆಯಿಂದ ಸರಿಯಾದದ್ದನ್ನು ಹುಡುಕಿ ಕಳಿಸಿದ. ಎರಡನೇ ಸಲ ಎದ್ದಿತು. ಸೆಟ್ಟಿಂಗ್‌ಗಳ ಕಡತದಲ್ಲಿ ನಲವತ್ತು ಚಿಲ್ಲರೆ ಸಾಲು. ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯಬೇಕೋ, ಸದಾ ತೆರೆದಿರಬೇಕೋ ಎಂಬುದಕ್ಕೂ ಒಂದು ಸಾಲಿತ್ತು. ಅದು 'ಸದಾ' ಎಂದೇ ಇತ್ತು.

"ಹಾಗೇ ಬಿಡಿ. ತೋಳ ಮೈಮೇಲೆ ಬಿದ್ದಾಗ ಗುಂಡಿ ಯಾರು ಒತ್ತುತ್ತಾರೆ?" ಎಂದ ಸಾಧು. ಹೌದಲ್ಲ ಎನ್ನಿಸಿ ಯಜಮಾನ ಹಾಗೇ ಬಿಟ್ಟ.

ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿಗೂ ಆ ಮಾಡ್ ಹಾಕಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಒಳಗೆ ಪ್ರವೇಶವಿಲ್ಲ. "ನೀವು ಮಾತಾಡ್ಬೇಡಿ, ಸುಮ್ನೆ ಕೇಳಿಸ್ಕೊಳ್ಳಿ" ಎಂದು ಅವನು ಮುಳ್ಳುಹಂದಿಗೆ ಬರೆದ. ಎರಡು ದಿನ ಅವಳು ಬರಲಿಲ್ಲ. ಮೂರನೇ ಸಂಜೆ ಬಂದಳು.

ಯಜಮಾನ ಅವಳ ಬೇಲಿಯ ಪಕ್ಕದ ಸೇತುವೆ ರಿಪೇರಿ ಮಾಡುತ್ತಿದ್ದ. ಸಾಧು ಅಲ್ಲೇ ನಿಂತಿದ್ದ. ಇದ್ದಕ್ಕಿದ್ದಂತೆ ಒಂದು ಹೆಣ್ಣುದನಿ, ಕಿವಿಯ ಪಕ್ಕದಲ್ಲೇ ಎಂಬಂತೆ ಕೇಳಿಸಿತು.

"ಚಪ್ಪಲಿ ಹಾಕ್ಕೋ ಪುಟ್ಟಿ, ನೆಲ ಒದ್ದೆ ಇದೆ."

"ತೋಳ ಬಂತಾ ಅಮ್ಮಾ?"

"ಇಲ್ಲ ಕಂದ. ಮುಳ್ಳು ಹಾಕಿದೀನಲ್ಲ."

ಅವಳ ಕಿಟಕಿಯಾಚೆ ಬಸ್ ನಿಲ್ದಾಣದ ಧ್ವನಿವರ್ಧಕ ತನ್ನ ಊರಿನ ಹೆಸರು ಹೇಳಿ, ಅಲ್ಲಿಂದ ಯಾವುದೋ ಬಸ್ಸು ಹೊರಟಿದೆಯೆಂದು ಸಾರಿತು. ಯಜಮಾನನಿಗೆ ಖುಷಿ ತಡೆಯಲಾಗಲಿಲ್ಲ. "ಮುಳ್ಳುಹಂದಿಗೂ ದನಿ ಇದೆ ಅಂತಾಯ್ತು!" ಎಂದು ಟೈಪ್ ಮಾಡಿದ. ಪರದೆಯ ಮೇಲೆ ಮಡಿಯಲ್ಲಿ ಬಗ್ಗಿದ್ದ ಅವಳ ಗೊಂಬೆ ಇದ್ದಲ್ಲೇ ನಿಂತಿತು, ಮರುಕ್ಷಣ ಮಾಯವಾಯಿತು. ಸಾಧುವೂ ಹೊರಟುಹೋದ.

ಮರುದಿನ ಅವಳು ಬರೆದಳು: "ನನ್ನ ಮೈಕ್ ಹೇಗೆ ತೆರೀತು?"

"ಮಾಡ್‌ನಲ್ಲೇ ಹಾಗಿತ್ತು. ನಾನು ಬದಲಾಯಿಸ್ಲಿಲ್ಲ. ಈಗ ಸರಿ ಮಾಡ್ತೀನಿ."

"ಯಾರ್ಯಾರು ಕೇಳಿಸ್ಕೊಂಡ್ರು?"

"ನಾನು, ಸಾಧು. ಇಬ್ರೇ."

"ಸಾಧು ಅಂದ್ರೆ ಯಾರು?"

"ಒಳ್ಳೆಯವರು. ಈ ಮಾಡ್ ಹುಡುಕಿ ಕೊಟ್ಟಿದ್ದೇ ಅವರು."

ಆಮೇಲೆ, "ನಾನು ಬೇಡ ಅಂದಿದ್ದೆ." ಅಷ್ಟೇ. ಮತ್ತೆ ಅವಳು ಕಾಣಲಿಲ್ಲ. ಸಾಧುವೂ ಕಾಣಲಿಲ್ಲ.

ಎರಡು ದಿನ ಅವನು ಅದನ್ನು ಅವಳ ಮುನಿಸು ಎಂದುಕೊಂಡ. ಮೂರನೇ ಸಂಜೆ, ಯಾಕೋ ಸಮಾಧಾನವಾಗದೆ, ಸರ್ವರಿನ ದಾಖಲೆ ತೆಗೆದು ಓದಿದ. ಯಾರು ಯಾವಾಗ ಎಲ್ಲಿದ್ದರು ಎಂಬುದೆಲ್ಲ ಅದರಲ್ಲಿತ್ತು. ಸಾಧು ಬಂದ ದಿನದಿಂದ ದಿನಕ್ಕೊಂದರಂತೆ ಒಬ್ಬೊಬ್ಬರ ಮನೆ ಸುತ್ತಿದ್ದ. ಆ ಗುಂಡನೆಯ ಮಡಿಗಳನ್ನು ಕಂಡ ಮೇಲೆ ಬೇರೆಲ್ಲೂ ಹೋಗಿರಲಿಲ್ಲ. ಗಂಟೆಗಟ್ಟಲೆ ಅವಳ ಬೇಲಿಯ ಹೊರಗೆ ಸುಮ್ಮನೆ ನಿಂತಿದ್ದ.

ಅಕ್ಕನಿಗೆ ಹೇಳಿದ.

"ಕೂತಿದೀಯಲ್ಲೋ ಮಂಕೇ!" ಅಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. "ತನ್ನ ದನಿ ಒಬ್ಬನಿಗೆ ಕೇಳಿಸ್ತು ಅಂತ ಹೆಂಗಸು ಹೆದರಿ ಓಡ್ತಾಳೆ ಅಂದ್ರೆ ಅವನು ಯಾರು ಅಂತ ನಿನಗೆ ಬಿಡಿಸಿ ಹೇಳ್ಬೇಕಾ?"

ಠಾಣೆಯಲ್ಲಿ ಪೇದೆ ಪೆನ್ನು ಹಿಡಿದು ಕೇಳಿದ. "ಆಕೆ ಹೆಸರು?"

"ಗೊತ್ತಿಲ್ಲ. ಆಟದಲ್ಲಿ ಮುಳ್ಳುಹಂದಿ ಅಂತೀವಿ."

"ಹಾಗಾದ್ರೆ ಅರಣ್ಯ ಇಲಾಖೆಗೆ ಹೋಗಪ್ಪ" ಎಂದ ಪೇದೆ. ಪಕ್ಕದವನು ನಕ್ಕ.

ಮಾರನೆಯ ಬೆಳಿಗ್ಗೆ, ಕಟ್ಟಬೇಕಾದ ಹಲ್ಲುಗಳನ್ನು ಹಾಗೇ ಬಿಟ್ಟು, ಧ್ವನಿವರ್ಧಕ ಸಾರಿದ ಆ ಊರಿನ ಬಸ್ಸು ಹತ್ತಿದ. ನಾಲ್ಕು ಗಂಟೆಯ ಹಾದಿ. ನಿಲ್ದಾಣದ ಹಿಂದಿನ ಬೀದಿಯಲ್ಲಿ ಔಷಧಿ ಅಂಗಡಿಯವನನ್ನು ಕೇಳಿದ: "ಈ ಕಡೆ ತಾಯಿ, ಮಗಳು ಇಬ್ಬರೇ ಇರೋ ಮನೆ ಯಾವುದಾದ್ರೂ ಇದೆಯಾ? ಮಗೂನ ಪುಟ್ಟಿ ಅಂತ ಕರೀತಾರೆ."

ಅಂಗಡಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನ್ಯಾರು? ಮೊನ್ನೆ ಇನ್ನೊಬ್ಬ ಬಂದು ಹೀಗೇ ಕೇಳ್ದ, ಇದೇ ಮಾತಲ್ಲಿ. ಅವಳ ಅಣ್ಣ ಅಂತ ಹೇಳ್ಕೊಂಡ. ನಾನೇ ಮನೆ ತೋರಿಸ್ದೆ." ಅವನ ದನಿ ಇಳಿಯಿತು. "ನನ್ನ ಕೈಯಾರೆ ತೋರಿಸ್ದೆ."

ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲಿನ ಚಿಲಕ ಕಿತ್ತು ಬಂದಿತ್ತು. ಮನೆಯೊಡತಿ, ವಯಸ್ಸಾದ ಹೆಂಗಸು, ನೆಲಕ್ಕೆ ನೀರು ಸುರಿದು ಉಜ್ಜುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಊರು ಬಿಡ್ತೀನಿ ಅಂತ ಗಂಟುಮೂಟೆ ಕಟ್ಟಿದ್ಲು. ಮಗೂಗೆ ಜ್ವರ ಬಂತು. ಇಳಿದ ಮೇಲೆ ಹೊರಡ್ತೀನಿ ಅಮ್ಮಾ ಅಂದ್ಲು. ಇನ್ನೊಂದು ದಿನ ಸಿಕ್ಕಿದ್ರೆ ಸಾಕಿತ್ತು. ಮಗು ನನ್ನ ಹತ್ರ ಇತ್ತು, ಅದಕ್ಕೆ ಉಳೀತು."

ಆಸ್ಪತ್ರೆಯಲ್ಲಿ ದಾದಿ ಕೇಳಿದಳು: "ನೀವು ಏನಾಗ್ಬೇಕು?"

ಏನೂ ಆಗಬೇಕಿರಲಿಲ್ಲ. "ಪರಿಚಯದವನು" ಎಂದ.

ಅವಳ ದವಡೆಗೆ ತಂತಿ ಬಿಗಿದಿದ್ದರು. ಎಡಗೈಗೆ ಪಟ್ಟಿ. ಅವನು ಅಂದುಕೊಂಡಿದ್ದಕ್ಕಿಂತ ಚಿಕ್ಕವಳು. ಮೇಲಿನ ಮೂರು, ಕೆಳಗಿನ ಎರಡು ಮುಂದಿನ ಹಲ್ಲು ಹೋಗಿವೆಯೆಂದು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ದಿನವೂ ಮಾಡುವ ಲೆಕ್ಕ ಅದು. ಇಂಥ ಹೊತ್ತಲ್ಲೂ ಕಣ್ಣು ಅಲ್ಲಿಗೇ ಹೋಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

"ನಾನು... ಸರ್ವರ್‌ನವನು. ಯಜಮಾನ."

ಅವಳು ಅವನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ತಪ್ಪಾಯ್ತು ಎಂದ. ಅವಳ ಬೆನ್ನಿಗೆ ಹೇಳಿದ್ದಾಯಿತು. ಅರ್ಧ ಗಂಟೆ ಕೂತು ಎದ್ದ.

ಆ ಊರಿನ ಠಾಣೆಯ ಮಹಿಳಾ ಅಧಿಕಾರಿ ನಗಲಿಲ್ಲ. ಸಾಧು ಎಂಬ ಹೆಸರಲ್ಲಿ ಬಂದಿದ್ದ ಅವಳ ಗಂಡ ಸಿಕ್ಕಿಬಿದ್ದಿದ್ದ. ಆದರೆ ಸಂಸಾರದ ಜಗಳ, ಸಿಟ್ಟಿನಲ್ಲಿ ಕೈ ಮಾಡಿದೆ ಅನ್ನುತ್ತಿದ್ದ. ಯಜಮಾನ ತಂದಿದ್ದ ದಾಖಲೆಯನ್ನು ಆಕೆ ಒಂದೊಂದೇ ಹಾಳೆ ತಿರುವಿ ಓದಿದಳು.

"ಮನೇಲಿದ್ದಾಗ ಇದೇ ಆಟ ಆಡ್ತಿದ್ಲಂತೆ. ಇಂಥ ಹದಿನಾಲ್ಕು ಕಡೆ ಹೊಕ್ಕು ಹುಡುಕಿದಾನೆ. ಮಡಿ ಗುಂಡಗೆ ಮಾಡೋ ಅವಳ ಅಭ್ಯಾಸದಿಂದ ಗುರುತು ಸಿಕ್ಕ ಮೇಲೆ ದನಿ ಕೇಳಿ ಖಾತ್ರಿ ಮಾಡ್ಕೊಂಡಿದಾನೆ. ಇನ್ನು ಸಿಟ್ಟಿನ ಭರ ಅನ್ನೋ ಮಾತು ನಡೆಯಲ್ಲ. ಇದು ಉಪಯೋಗಕ್ಕೆ ಬರುತ್ತೆ."

"ನನ್ನಿಂದಾನೇ ಆಗಿದ್ದು" ಎಂದ ಯಜಮಾನ.

"ಅದನ್ನೂ ಬರೀರಿ" ಎಂದಳು ಆಕೆ, ಸಮಾಧಾನ ಮಾಡಲು ಹೋಗದೆ. ಅವನು ಸೆಟ್ಟಿಂಗಿನ ಆ ಸಾಲಿನ ಸಮೇತ ಬರೆದು ಸಹಿ ಹಾಕಿದ.

ತಿಂಗಳ ಮೇಲೆ ವಿಚಾರಣೆಗೆಂದು ಮತ್ತೆ ಆ ಊರಿಗೆ ಹೋದಾಗ ಅಧಿಕಾರಿ ಕಾರಿಡಾರಿನಲ್ಲಿ ಸಿಕ್ಕಳು. ಗಂಡನಿಗೆ ಜಾಮೀನು ಸಿಕ್ಕಿರಲಿಲ್ಲ.

"ತಾಯಿ, ಮಗಳು ಇಬ್ಬರನ್ನೂ ಬೇರೆ ಕಡೆ ಕಳಿಸಿದೀವಿ. ಮಗು ಈಗ ಮೊದಲಿನ ಹಾಗೆ..."

ಅವನು ಕೈ ಅಡ್ಡ ಹಿಡಿದ. "ನನಗೆ ಹೇಳ್ಬೇಡಿ ಮೇಡಂ. ಏನೂ ಹೇಳ್ಬೇಡಿ."

ಆಕೆ ತಲೆಯಾಡಿಸಿ ಒಳಗೆ ಹೋದಳು. ಅವನು ಬೆಂಚಿನ ಮೇಲೆ ಕೂತು, ತನ್ನ ಸರದಿಯ ಕೂಗಿಗೆ ಕಾದ.