ಗುಟ್ಟಪ್ಪನ ಮುಖ

ನಾಲ್ಕು ವರ್ಷ ಒಂದು ಸಂಖ್ಯೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವನು ನಾನು. ಎಂಟು ಅಂಕಿಗಳು, ಅಷ್ಟೇ. ಅದಕ್ಕಾಗಿ ಯಾರೂ ನನ್ನ ಮನೆಗೆ ಕನ್ನ ಹಾಕಲಿಲ್ಲ, ಯಾರೂ ಬೆದರಿಸಲು ಬರಲಿಲ್ಲ. ಬದಲಿಗೆ ಎಲ್ಲರೂ ನನ್ನಿಂದ ದೂರ ಓಡಿದರು. ಪ್ರಯೋಗಾಲಯದ ಕಾರಿಡಾರಿನಲ್ಲಿ ನಾನು ಎದುರು ಬಂದರೆ ಸಾಕು, ಹರಟುತ್ತಿದ್ದವರು ಬಾಯಿ ಮುಚ್ಚಿ, ಕೈಯಲ್ಲಿದ್ದ ಕಾಗದವನ್ನು ಎದೆಗೆ ಒತ್ತಿ ಹಿಡಿದು, ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಅಂಟುರೋಗದವನಿಗೂ ಇಷ್ಟು ಮರ್ಯಾದೆ ಸಿಗಲಾರದು. ನನಗೆ ಗುಟ್ಟಪ್ಪ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದರು, ಆದರೆ ನನಗೆ ಕೇಳಿಸುವಷ್ಟು ಜೋರಾಗಿ.

ಕೆಲಸ ಇಷ್ಟೇ. ನಮ್ಮಲ್ಲಿ ಉಂಗುರದ ಆಕಾರದ ದೊಡ್ಡ ಅಯಸ್ಕಾಂತವಿದೆ, ಅಡ್ಡಲಾಗಿ ನಡೆದರೆ ಇಪ್ಪತ್ತು ಹೆಜ್ಜೆ. ಅದರೊಳಗೆ ಮ್ಯೂಆನ್ ಎಂಬ ಕಣಗಳನ್ನು ಸುತ್ತಿಸುತ್ತಾರೆ. ಅವು ಅಲ್ಪಾಯುಷಿಗಳು, ನಾವೊಂದು ಸಲ ಕಣ್ಣು ಮಿಟುಕಿಸುವುದರಲ್ಲಿ ಅವುಗಳ ಸಾವಿರ ತಲೆಮಾರು ಮುಗಿದಿರುತ್ತದೆ. ಅಷ್ಟು ಚಿಕ್ಕ ಬಾಳಿನಲ್ಲೂ ಅವು ಬುಗುರಿಯ ಹಾಗೆ ಓಲಾಡುತ್ತವೆ. ಎಷ್ಟು ಬೇಗ ಓಲಾಡುತ್ತವೆ ಎಂದು ಅಳೆಯುವುದೇ ಪ್ರಯೋಗ. ಸಿದ್ಧಾಂತದವರು ಕಾಗದದ ಮೇಲೆ ಹೇಳಿದ್ದಕ್ಕೂ ನಾವು ಅಳೆದದ್ದಕ್ಕೂ ಒಂದಿಷ್ಟೇ ವ್ಯತ್ಯಾಸ ಬಂದರೂ, ಖಾಲಿ ಎಂದುಕೊಂಡ ಜಾಗದಲ್ಲಿ ಯಾರೂ ಕಾಣದ ಇನ್ನೇನೋ ಇದೆ ಎಂದು ಅರ್ಥ.

ತೊಂದರೆ ಎಂದರೆ, ಮನುಷ್ಯ ತನಗೆ ಬೇಕಾದ ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತಾನೆ. ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ, ನಮ್ಮವರಂತೂ ಖಂಡಿತ ಅಲ್ಲ. ಅದಕ್ಕೇ ಅಳೆಯುವ ಗಡಿಯಾರವನ್ನು ಬೇಕೆಂದೇ ಎಳ್ಳಷ್ಟು ತಪ್ಪಾಗಿ ಓಡಿಸುತ್ತಾರೆ. ಎಷ್ಟು ತಪ್ಪು ಎಂಬುದು ಒಬ್ಬನಿಗೆ ಮಾತ್ರ ಗೊತ್ತಿರಬೇಕು. ಲೆಕ್ಕವೆಲ್ಲ ಮುಗಿದು, ಇನ್ನು ಒಂದಕ್ಷರವನ್ನೂ ಬದಲಿಸುವುದಿಲ್ಲ ಎಂದು ಎಲ್ಲರೂ ಸಹಿ ಹಾಕಿದ ಮೇಲೆ ಅವನು ಬಂದು, ಆ ಸಂಖ್ಯೆ ಬರೆದು ಮುಚ್ಚಿಟ್ಟ ಲಕೋಟೆ ಒಡೆಯಬೇಕು. ಗಡಿಯಾರ ನೋಡಿಕೊಳ್ಳುವ ತಂತ್ರಜ್ಞ ನಾನಾದ್ದರಿಂದ ಆ ಒಬ್ಬ ನಾನೇ ಆದೆ.

ಮೊದಲ ವರ್ಷ ಇದರಲ್ಲಿ ಒಂದು ಬಗೆಯ ಜಂಬವೂ ಇತ್ತು, ಸುಳ್ಳು ಹೇಳುವುದಿಲ್ಲ. ಎರಡನೆಯ ವರ್ಷ ನನ್ನ ಮಗಳು ಪುಟ್ಟಿ ಅದೇ ಪ್ರಯೋಗದ ಲೆಕ್ಕ ಮಾಡುವವರ ಗುಂಪಿಗೆ ಆಯ್ಕೆಯಾದಳು.

ಪ್ರಯೋಗದ ಮುಖ್ಯಸ್ಥೆಯನ್ನು ನಾವು ದೊಡ್ಡ ಮೇಡಂ ಎನ್ನುತ್ತೇವೆ. ಅವರು ನಮ್ಮಿಬ್ಬರನ್ನೂ ಕರೆದು ಕೂರಿಸಿದರು.

“ನಿಮ್ಮನ್ನ ಬದಲಾಯಿಸೋಣ ಅಂದ್ರೆ, ತಿಳಿದಿದ್ದನ್ನ ನೀವು ಮರೆಯೋಕಾಗಲ್ಲ. ಇವಳನ್ನ ಬೇಡ ಅನ್ನೋಣ ಅಂದ್ರೆ, ಇಷ್ಟು ಚೆನ್ನಾಗಿ ಲೆಕ್ಕ ಮಾಡೋರು ಇನ್ನೊಬ್ರು ಸಿಗಲ್ಲ. ಅದಕ್ಕೆ ಬೇರೆ ಬೇರೆ ಮನೆ ಮಾಡ್ಕೊಳ್ಳಿ. ಇಬ್ಬರ ಮಧ್ಯೆ ಕೆಲಸದ ಮಾತು ಒಂದೂ ಬೇಡ.”

“ಅಷ್ಟೇ ತಾನೇ ಮೇಡಂ” ಎಂದು ಪುಟ್ಟಿ ನಕ್ಕಳು. ನಾನೂ ನಕ್ಕೆ.

ಅಷ್ಟೇ ಆಗಿರಲಿಲ್ಲ. ಅವಳ ತಾಯಿ ತೀರಿಕೊಂಡಾಗ ಪುಟ್ಟಿಗೆ ಒಂಬತ್ತು ವರ್ಷ. ಅಳುವ ಮಗುವಿನ ಜೊತೆ ಏನು ಮಾತಾಡಬೇಕೆಂದು ತೋಚದೆ ನಾನು ಅವಳ ಮುಂದೆ ಒಂದು ಹಳೇ ರೇಡಿಯೊ ಬಿಚ್ಚಿಟ್ಟಿದ್ದೆ. ಬೆಸುಗೆ ಹಾಕುವುದು ಕಲಿಸಿದೆ. ಅಲ್ಲಿಂದ ಮುಂದೆ ನಮ್ಮದು ಬರೀ ತಂತಿ, ಬಲ್ಬು, ಮೀಟರಿನ ಮುಳ್ಳು, ಅಂಕಿಗಳದೇ ಮಾತು. ಅವಳಿಗೆ ಜ್ವರ ಬಂದರೆ ಥರ್ಮಾಮೀಟರ್ ಎಷ್ಟು ನಿಖರವೆಂದು ಇಬ್ಬರೂ ವಾದ ಮಾಡುತ್ತಿದ್ದೆವು. ನಾನು ಹಣೆ ಮುಟ್ಟಿ ನೋಡಿದ್ದು ನೆನಪಿಲ್ಲ. ಆ ಮಾತುಗಳನ್ನೇ ಕಿತ್ತುಕೊಂಡರೆ ಅಪ್ಪ ಮಗಳ ನಡುವೆ ಏನುಳಿಯುತ್ತದೆ ಎಂದು ಮೇಡಂ ಎದುರು ಹಲ್ಲು ಕಿರಿಯುವಾಗ ನಾನು ಯೋಚಿಸಿರಲಿಲ್ಲ.

ಅವಳು ಬಾಡಿಗೆ ಕೋಣೆ ಹಿಡಿದಳು. ಭಾನುವಾರ ಮಧ್ಯಾಹ್ನ ಬರುತ್ತಿದ್ದಳು.

“ಊಟ ಆಯ್ತಾ ಅಪ್ಪ?”

“ಆಯ್ತು. ನಿಂದು?”

“ಆಯ್ತು.”

ಆಮೇಲೆ ಸ್ವಲ್ಪ ಹೊತ್ತು ಫ್ರಿಜ್ಜಿನ ಸದ್ದು ಕೇಳುತ್ತ ಕೂರುತ್ತಿದ್ದೆವು. “ಮಳೆ ಬರೋ ಹಾಗಿದೆ” ಎನ್ನುತ್ತಿದ್ದೆ ನಾನು. ಕಿಟಕಿಯಾಚೆ ಬಿಸಿಲು ಧಗಧಗ ಉರಿಯುತ್ತಿರುತ್ತಿತ್ತು. ಪಾಪ, ಅವಳು “ಹೂಂ” ಎನ್ನುತ್ತಿದ್ದಳು. ಅವಳು ಬಸ್ಸು ಹತ್ತಿದ ಮೇಲೆ ಎರಡು ಲೋಟ ತೊಳೆದಿಟ್ಟು, ಮನೆಯ ಗಡಿಯಾರಗಳನ್ನೆಲ್ಲ ಇಳಿಸಿ ಸಮಯ ಸರಿಮಾಡಲು ಕೂರುತ್ತಿದ್ದೆ. ಅವು ಸರಿಯಾಗೇ ಇರುತ್ತಿದ್ದವು. ಲಕೋಟೆ ಒಡೆಯುವ ದಿನವೊಂದು ಬಂದುಬಿಡಲಿ, ನನ್ನ ಮಗಳು ನನಗೆ ವಾಪಸು ಸಿಗುತ್ತಾಳೆ ಎಂದು ಬೆರಳು ಮಡಿಸುತ್ತಿದ್ದೆ. ಮ್ಯೂಆನುಗಳು ಓಲಾಡಿದರೆಷ್ಟು ಬಿದ್ದರೆಷ್ಟು, ನನಗೆ ಬೇಕಾಗಿದ್ದದ್ದು ಅದೊಂದೇ.

ಹೀಗಿರುವಾಗ, ಲಕೋಟೆಯ ದಿನಕ್ಕೆ ಹತ್ತು ತಿಂಗಳ ಮುಂಚಿನ ಒಂದು ಭಾನುವಾರ. ಯಂತ್ರವನ್ನು ಆಗಲೇ ನಿಲ್ಲಿಸಿಯಾಗಿತ್ತು, ಉಳಿದದ್ದು ಲೆಕ್ಕ ಮಾತ್ರ. ನಾಲ್ಕು ಗುಂಪುಗಳು ಒಬ್ಬರದನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿದ್ದವು. ಒಂದು ಗುಂಪಿಗೆ ಪುಟ್ಟಿಯೇ ಮುಂದಾಳು. ವಾರದಿಂದ ನಿದ್ದೆಗೆಟ್ಟವಳಂತೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು. “ವಾಪಸ್ ಬಸ್ಸು ಎಷ್ಟೊತ್ತಿಗೋ ನೋಡ್ತೀನಿ ತಾಳು” ಎಂದು ಲ್ಯಾಪ್‌ಟಾಪ್ ತೆರೆದಳು. ನಾನು ಚಹಾ ಇಡಲು ಅವಳ ಹಿಂದಿನಿಂದ ಬಗ್ಗಿದೆ.

ಬೈತಲೆಯ ಬಲಕ್ಕೆ ಮೂರು ನಾಲ್ಕು ಬಿಳಿ ಕೂದಲು ಕಂಡವು. ಅವಳ ತಾಯಿಗೂ ಅಲ್ಲೇ, ಹೆಚ್ಚುಕಡಿಮೆ ಅದೇ ವಯಸ್ಸಿಗೆ ನರೆ ಬಂದಿತ್ತು. ಕಣ್ಣಲ್ಲಿ ನೀರು ಬಂದದ್ದು ಮಗಳಿಗೆ ಕಾಣಬಾರದೆಂದು ಸರಕ್ಕನೆ ಗೋಡೆಯ ಕಡೆ ತಿರುಗಿಬಿಟ್ಟೆ.

ಹಿಂದೆ ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದ ಸದ್ದಾಯಿತು. ನಿದ್ದೆಗಣ್ಣಿನಲ್ಲಿ ಅವಳು ತನ್ನ ಲೆಕ್ಕದ ಪುಟವನ್ನು ಹಾಗೇ ತೆರೆದಿಟ್ಟುಕೊಂಡು ಬಂದಿದ್ದಳೆಂದು ಆಗ ಹೊಳೆಯಿತು. ಅಲ್ಲಿದ್ದ ಉತ್ತರದ ಮೇಲೆ ನಾನು ಕಣ್ಣಾಡಿಸಿದ್ದರೆ, ಗಡಿಯಾರದ ತಪ್ಪನ್ನು ಮನಸ್ಸಿನಲ್ಲೇ ಕಳೆದು, ಸಿದ್ಧಾಂತದ ಅಂಕಿಗೆ ಹೋಲಿಸಿ, ಅದು ನಂಬುವಂಥದ್ದೋ ಎಡವಟ್ಟೋ ಎಂದು ತಿಳಿಯಬಲ್ಲವನಾಗಿದ್ದೆ.

“ಅಪ್ಪ... ನೋಡಿದ್ಯಾ?” ಅವಳ ದನಿ ತೀರಾ ಸಣ್ಣದಾಗಿತ್ತು.

“ಕೆಲಸದ ಮಾತು ಬೇಡ” ಎಂದೆ, ಗೋಡೆಗೆ. ಅಳು ತಡೆದುಕೊಂಡಿದ್ದರಿಂದ ಮಾತು ಒರಟಾಗಿ ಬಂತು. ಅವಳು ಚಹಾ ಮುಟ್ಟದೆ ಹೊರಟುಹೋದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. “ಕೆಲಸ ಜಾಸ್ತಿ ಅಪ್ಪ” ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ಕೊನೆಯ ಹಂತವಲ್ಲವೇ, ಇರಬಹುದು ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಭಾನುವಾರ ಒಂದೇ ಲೋಟ ತೊಳೆಯುವಾಗ ಮಾತ್ರ ಮನೆ ನುಂಗಲು ಬರುತ್ತಿತ್ತು.

ಲಕೋಟೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಸಾಲು ಸಾಲಾಗಿ ಪುಟ್ಟಿಯನ್ನು ಹುಡುಕಿದೆ, ಕಾಣಲಿಲ್ಲ. ಮೇಡಂ ಸನ್ನೆ ಮಾಡಿದರು. ಲಕೋಟೆ ಒಡೆದು ಎಂಟು ಅಂಕಿಗಳನ್ನು ಓದಿದೆ. ಕಂಪ್ಯೂಟರಿನ ಮುಂದಿದ್ದವಳು ಒಂದೊಂದನ್ನೇ ಒತ್ತಿದಳು. ಪರದೆಯ ಮೇಲೆ ನಾಲ್ಕು ಚುಕ್ಕೆಗಳು ಒಂದರ ಪಕ್ಕ ಒಂದು ಬಂದು ಕೂತವು, ಸಿದ್ಧಾಂತದ ಗೆರೆಯಿಂದ ಸ್ಪಷ್ಟವಾಗಿ ದೂರದಲ್ಲಿ. ಸಭೆ ಹೋ ಎಂದಿತು. ನಾಲ್ಕು ವರ್ಷ ನನ್ನ ನೆರಳಿಗೂ ಹೆದರುತ್ತಿದ್ದವರು ಬಂದು ತಬ್ಬಿಕೊಂಡರು. ನಾನು ಅವರ ಹೆಗಲ ಮೇಲಿಂದ ಬಾಗಿಲನ್ನೇ ನೋಡುತ್ತಿದ್ದೆ.

“ನನ್ನ ಮಗಳೆಲ್ಲಿ ಮೇಡಂ?”

ಅವರು ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು ಕಪಾಟಿನಿಂದ ಒಂದು ಹಾಳೆ ತೆಗೆದುಕೊಟ್ಟರು. “ಇದನ್ನ ಇವತ್ತಿನವರೆಗೂ ನಿಮಗೆ ತೋರಿಸೋ ಹಾಗಿರ್ಲಿಲ್ಲ.”

ಹತ್ತು ತಿಂಗಳ ಹಿಂದಿನ ಸೋಮವಾರದ ತಾರೀಕು, ಪುಟ್ಟಿಯ ಅಕ್ಷರ. ‘ಅಪ್ಪ ಅಕಸ್ಮಾತ್ತಾಗಿ ನನ್ನ ಉತ್ತರ ನೋಡಿ ಮುಖ ತಿರುಗಿಸಿದರು. ಉತ್ತರ ತಪ್ಪಿದೆ ಎಂದು ನನಗೆ ತಿಳಿದುಹೋಯಿತು. ಇನ್ನು ನಾನು ಏನು ತಿದ್ದಿದರೂ ಆ ಮುಖ ನೋಡಿ ತಿದ್ದಿದಂತೆ. ನನ್ನನ್ನು ಲೆಕ್ಕದಿಂದ ಬಿಡಿಸಿ. ಪ್ರಬಂಧದಲ್ಲಿ ನನ್ನ ಹೆಸರು ಬೇಡ.’

“ಅವಳ ಜಾಗಕ್ಕೆ ಬಂದವರು ಎಲ್ಲಾ ಮೊದಲಿಂದ ಮಾಡಿದ್ರು” ಎಂದರು ಮೇಡಂ. “ಅವಳ ಆ ಹಳೇ ಉತ್ತರಕ್ಕೂ ಈಗ ತಾನೇ ನಿಮ್ಮ ಸಂಖ್ಯೆ ಹಾಕಿ ನೋಡ್ದೆ. ಉಳಿದವರ ಜೊತೆ ಸರಿಯಾಗಿ ಕೂತ್ಕೊಳ್ತು. ಅದರಲ್ಲಿ ತಪ್ಪೇ ಇರ್ಲಿಲ್ಲ.”

“ಹೆಸರು ಈಗ ಸೇರಿಸಬಹುದಲ್ಲ?”

“ಹೆಸರಿನ ಪಟ್ಟಿಗೂ ಎಲ್ಲರೂ ಸಹಿ ಹಾಕಿ ಆಯ್ತಲ್ಲ. ಒಂದಕ್ಷರ ಮುಟ್ಟೋ ಹಾಗಿಲ್ಲ. ನಿಮಗೇ ಗೊತ್ತು.”

ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಎದ್ದೆ.

ಪುಟ್ಟಿ ಆವರಣದ ಆ ಕೊನೆಯ ಶೆಡ್ಡಿನಲ್ಲಿದ್ದಾಳೆಂದು ಅವರೇ ಹೇಳಿದರು. ಮುಂದಿನ ಪ್ರಯೋಗದ ಕೊಳವೆಗಳಲ್ಲಿ ಗಾಳಿ ಎಲ್ಲಿ ಸೋರುತ್ತದೆಂದು ಹುಡುಕುವ ಕೆಲಸ. ಆ ಶೆಡ್ಡಿನ ಮುಂದೆಯೇ ದಿನಾ ಸಂಜೆ ನಾನು ಬಸ್ಸಿಗೆ ನಡೆದು ಹೋಗುತ್ತಿದ್ದೆ. ಒಳಗೆ ನನ್ನ ಮಗಳಿದ್ದಾಳೆಂದು ಹತ್ತು ತಿಂಗಳು ಗೊತ್ತಾಗಲಿಲ್ಲ.

ಅವಳು ನೆಲದ ಮೇಲೆ ಕೂತು ಕೊಳವೆಯ ಬೋಲ್ಟು ಬಿಗಿಯುತ್ತಿದ್ದಳು. “ಚಪ್ಪಾಳೆ ಇಲ್ಲಿವರೆಗೂ ಕೇಳಿಸ್ತು” ಎಂದಳು, ತಲೆ ಎತ್ತದೆ.

“ಪುಟ್ಟಿ, ನಿನ್ನ ಉತ್ತರ ಸರಿ ಇತ್ತು.”

ಸ್ಪ್ಯಾನರ್ ನಿಂತಿತು. “ಮತ್ತೆ ಯಾಕೆ ಮುಖ ತಿರುಗಿಸ್ದೆ?”

“ನಾನು ಪರದೆ ನೋಡ್ಲೇ ಇಲ್ಲ ಕಣೇ. ನಿನ್ನ ತಲೇಲಿ ಬಿಳಿ ಕೂದಲು ಕಾಣಿಸ್ತು. ನಿಮ್ಮಮ್ಮ ನೆನಪಾದ್ಲು. ಅಳು ಬಂತು.”

ಅವಳು ಗ್ರೀಸ್ ಹತ್ತಿದ ಕೈಯಲ್ಲೇ ತಲೆ ಮುಟ್ಟಿಕೊಂಡಳು. ನಗಲು ಹೋದಳು, ಆಗಲಿಲ್ಲ. “ಹತ್ತು ತಿಂಗಳು ಅಪ್ಪ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಬಸ್ಸಲ್ಲೂ ಅದೇ, ಹಾಸಿಗೇಲೂ ಅದೇ. ನನಗೆ ಲೆಕ್ಕಾನೇ ಬರಲ್ಲ ಅಂತ ತೀರ್ಮಾನ ಮಾಡ್ಕೊಂಡುಬಿಟ್ಟಿದ್ದೆ.”

“ನಾನು ಹೇಳೋ ಹಾಗಿರ್ಲಿಲ್ವಲ್ಲ ಪುಟ್ಟಿ. ನಿಯಮ ಇತ್ತು...”

“ಸಂಖ್ಯೆ ಹೇಳಬಾರ್ದು ಅಂತ ಇತ್ತು. ಅಮ್ಮ ನೆನಪಾದ್ಲು ಅಂತ ಹೇಳಬಾರ್ದು ಅಂತ ಯಾರು ನಿಯಮ ಮಾಡಿದ್ರು?”

ಯಾರೂ ಮಾಡಿರಲಿಲ್ಲ. ಅದನ್ನು ಇಪ್ಪತ್ತು ವರ್ಷದಿಂದ ನಾನೇ ಪಾಲಿಸಿಕೊಂಡು ಬಂದಿದ್ದೆ. ಇದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದವನು, “ಮುಂದಿನ ಬೋಲ್ಟೂ ಸಡಿಲ ಇದೆ ನೋಡು” ಎಂದುಬಿಟ್ಟೆ. ಅವಳು ಮೂಗೊರೆಸಿಕೊಂಡು, ಸ್ಪ್ಯಾನರ್ ಎತ್ತಿಕೊಂಡು ಮುಂದಿನ ಬೋಲ್ಟಿಗೆ ಕೈ ಹಾಕಿದಳು.