ಆರ್ಡಿತ್ ಅಜ್ಜಿಯ ಹದಿನಾಲ್ಕು ಜಾಡಿ

ಸ್ಟೋನ್ ಕ್ರೀಕ್ ಶಾಲೆಯ ಹಿಂಭಾಗದ ಅಡುಗೆ ಕೋಣೆಗೆ ಬೀಗ ಬಿದ್ದು ಎರಡು ವರ್ಷವಾಯಿತು. ಒಳಗೆ ಆರು ಒಲೆ, ಎಂಟು ಹೊಲಿಗೆ ಮಿಷನ್ನು, ಎಲ್ಲ ಇವೆ. ಇಲ್ಲದ್ದು ಟೀಚರ್ ಒಬ್ಬರೇ. ಗೃಹವಿಜ್ಞಾನದ ಟೀಚರ್ ನಿವೃತ್ತರಾದ ಮೇಲೆ ನೆಬ್ರಾಸ್ಕ ರಾಜ್ಯದ ಈ ಪಶ್ಚಿಮದ ಮೂಲೆಗೆ ಬೇರೆ ಯಾರೂ ಬರಲಿಲ್ಲ, ಪಾಠ ನಿಂತೇ ಹೋಯಿತು.

ಆರ್ಡಿತ್ ಅಜ್ಜಿಗೆ ಅದೊಂದು ನಷ್ಟ ಅಂತಲೇ ಅನಿಸಿರಲಿಲ್ಲ. ಆದರೆ ಅವಳೇ ಸಾಕಿ ಬೆಳೆಸಿದ ಮೊಮ್ಮಗಳು ಕೆಂಡ್ರಾ ಅದೇ ಪಾಠದ ಟೀಚರ್ ಆಗುತ್ತೇನೆಂದು ಕಾಲೇಜು ಸೇರಿ ಕೂತಿದ್ದಳು. ಎರಡನೇ ವರ್ಷ ಮುಗಿಸಿ ರಜೆಗೆ ಬಂದಿದ್ದಳು.

"ಹುರುಳಿಕಾಯಿ ಬೇಯ್ಸೋಕೆ ನಾಲ್ಕು ವರ್ಷ ಓದ್ಬೇಕೇನೇ? ನಾನು ನಾಲ್ಕು ದಿನದಲ್ಲಿ ಕಲ್ತೆ" ಎಂದು ಅಜ್ಜಿ ದಿನಾ ಚುಚ್ಚುತ್ತಿದ್ದಳು.

"ಬರೀ ಅಡುಗೆ ಅಲ್ಲ ಅಜ್ಜಿ. ಮಗು ಸಾಕೋದು, ಸಂಬಳದಲ್ಲಿ ಮನೆ ನಡ್ಸೋದು, ಅಂಗಡೀಲಿ ಮೋಸ ಹೋಗ್ದೇ ಇರೋದು, ಎಲ್ಲಾ ಇದೆ."

"ಅದನ್ನೆಲ್ಲ ನಾನು ಮಾಡ್ಲಿಲ್ವಾ? ನಂಗ್ಯಾವ ಕಾಲೇಜು ಕಲ್ಸಿತ್ತು?"

ಅಜ್ಜಿ ಸುಮ್ಮನೆ ಬಿಡುವವಳಲ್ಲ. ಕಾಲೇಜಿನಿಂದ ಓದು ಬದಲಿಸುವ ಫಾರಂ ತರಿಸಿ, ನರ್ಸಿಂಗ್ ಅಂತ ತಾನೇ ತುಂಬಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಕೆಂಡ್ರಾಳ ಸಹಿಯೊಂದು ಬಾಕಿ. ಸೋಮವಾರ ಕಡೇ ದಿನ.

ಕೆಂಡ್ರಾಗೆ ರಜೆಯಲ್ಲಿ ಮಾಡಲು ಕಾಲೇಜಿನಲ್ಲಿ ಒಂದು ಹೋಮ್‌ವರ್ಕ್ ಕೊಟ್ಟಿದ್ದರು. ದೊಡ್ಡವರೊಬ್ಬರಿಗೆ, ಅವರಿಗೆ ಗೊತ್ತಿಲ್ಲದ ಒಂದು ವಿಷಯ ಕಲಿಸಿ ಬರಬೇಕು. ಅಜ್ಜಿ ಅದನ್ನು ಕೇಳಿ ನಕ್ಕು ಪಂಥ ಕಟ್ಟಿದಳು. "ನಂಗೇ ಕಲ್ಸು. ಕಲ್ಸಿದ್ಯೋ, ಫಾರಂ ಹರಿದಾಕ್ತೀನಿ. ಆಗ್ಲಿಲ್ವೋ, ಬಾಯಿ ಮುಚ್ಕೊಂಡು ಸಹಿ ಹಾಕು."

ಕೆಂಡ್ರಾ ಒಪ್ಪಿದಳು. ಡಬ್ಬಿಯ ಮೇಲಿನ ಚೀಟಿ ಓದುವುದು ಹೇಳಿಕೊಡಲು ಹೋದರೆ ಅಜ್ಜಿ ಕನ್ನಡಕವೂ ಇಲ್ಲದೆ ಓದಿದಳು. ಹರಿದ ಕಾಲರ್ ತಿರುಗಿಸಿ ಹೊಲಿಯುವುದು ತೋರಿಸಲು ಹೋದರೆ, "ನಿಮ್ಮ ತಾತನ ಅಂಗಿ ಎಲ್ಲಾ ಹಂಗೇ ನಡೆದಿದ್ದು ಕಣೇ" ಎಂದು ಅಜ್ಜಿಯೇ ಸೂಜಿ ಕಿತ್ತುಕೊಂಡಳು. ಹೀಗೆ ಶುಕ್ರವಾರ ಬಂದೇ ಬಿಟ್ಟಿತು.

ಮೇಜಿನ ಮೇಲೆ ಹದಿನಾಲ್ಕು ಗಾಜಿನ ಜಾಡಿ ಸಾಲಾಗಿ ಕೂತಿದ್ದವು. ಮಂಗಳವಾರ ಅಜ್ಜಿ ತೋಟದ ಹುರುಳಿಕಾಯಿ ಕೊಯ್ದು, ಜಾಡಿಗೆ ತುಂಬಿ, ತಿಂಗಳುಗಟ್ಟಲೆ ಕೆಡದಿರಲೆಂದು ಮುಚ್ಚಳ ಹಾಕಿ, ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಇಟ್ಟದ್ದು. ಭಾನುವಾರ ಚರ್ಚಿನ ಊಟಕ್ಕೆ ಹೋಗಬೇಕು. ಅಜ್ಜಿಯ ಹುರುಳಿಕಾಯಿ ಇಲ್ಲದೆ ಆ ಊಟವೇ ಇಲ್ಲ. ಜಾತ್ರೆಯ ಸ್ಪರ್ಧೆಯಲ್ಲಿ ಒಂಬತ್ತು ಸಲ ಮೊದಲ ಬಹುಮಾನದ ನೀಲಿ ಪಟ್ಟಿ ಗೆದ್ದ ಕೈ ಅದು.

ಕೆಂಡ್ರಾಳ ಕಣ್ಣು ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಹಳದಿಯಾದ ಚೀಟಿಯ ಮೇಲೆ ಬಿತ್ತು. ಹುರುಳಿಕಾಯಿ, ದೊಡ್ಡ ಜಾಡಿ, ಹತ್ತು ಪೌಂಡ್ ಒತ್ತಡ, ಇಪ್ಪತ್ತೈದು ನಿಮಿಷ.

"ಅಜ್ಜಿ, ಈ ಚೀಟಿ ಯಾರ್ದು?"

"ನಮ್ಮಮ್ಮಂದು. ಅಯೋವಾದ ಮನೇಲಿ ಬರ್ಕೊಟ್ಟಿದ್ದು. ಮದ್ವೆಯಾಗಿ ಇಲ್ಲಿಗೆ ಬರೋವಾಗ ಪೆಟ್ಟಿಗೇಲಿ ತಂದೆ."

"ಆ ಮನೆ ಹೊಳೆ ದಂಡೇಲಿತ್ತು, ಅಲ್ವಾ? ತಗ್ಗಲ್ಲಿ."

"ಹೂಂ. ಏನೀಗ?"

ಕೆಂಡ್ರಾ ಕುರ್ಚಿ ಎಳೆದುಕೊಂಡು ಕೂತು, "ಕ್ರಿಸ್‌ಮಸ್ ಮಿಠಾಯಿ ಪಾಕಾನ ಎಷ್ಟು ಡಿಗ್ರಿ ಫ್ಯಾರನ್‌ಹೀಟಿಗೆ ಒಲೆಯಿಂದ ಇಳಿಸ್ತೀಯ?" ಎಂದು ಕೇಳಿದಳು.

"ಇನ್ನೂರ ಇಪ್ಪತ್ತೆಂಟು."

"ನಿಮ್ಮಮ್ಮ ಏನಂತ ಬರ್ದಿದಾರೆ?"

"ಇನ್ನೂರ ಮೂವತ್ತಾರು. ಹಂಗ್ ಮಾಡಿದ್ರೆ ಇಲ್ಲಿ ಕಲ್ಲಾಗುತ್ತೆ. ಮೊದಲ್ನೇ ವರ್ಷ ನಿಮ್ಮ ತಾತನ ಹಲ್ಲು ಹೋಗೋದೊಂದು ಬಾಕಿ. ಎರಡನೇ ವರ್ಷ ಎಂಟು ಡಿಗ್ರಿ ಇಳಿಸ್ದೆ, ಬೆಣ್ಣೆ ಥರ ಬಂತು."

"ಯಾಕೆ ಎಂಟು?"

"ಅದ್ಯಾಕೋ. ಇಲ್ಲಿ ಹಂಗೆ."

ಕೆಂಡ್ರಾ ಎದ್ದು ಪಾತ್ರೆಯಲ್ಲಿ ನೀರಿಟ್ಟಳು. ನೀರು ಕೊತಕೊತ ಕುದಿಯುವಾಗ ಅಜ್ಜಿಯದೇ ಪಾಕದ ಥರ್ಮಾಮೀಟರ್ ಇಳಿಬಿಟ್ಟು, "ನೀನೇ ಓದು" ಎಂದಳು.

"ಇನ್ನೂರ ನಾಲ್ಕು."

"ಹೊಳೆ ದಂಡೇಲಿ ಹೆಚ್ಚೂಕಮ್ಮಿ ಇನ್ನೂರ ಹನ್ನೆರಡಕ್ಕೆ ಕುದಿಯುತ್ತೆ. ನಾವಿರೋದು ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಮೇಲೆ. ಇಲ್ಲಿ ಗಾಳಿ ಒತ್ತೋದು ಕಮ್ಮಿ, ಅದ್ಕೆ ಕಮ್ಮಿ ಬಿಸೀಗೇ ನೀರು ಕುದ್ದುಬಿಡುತ್ತೆ. ಎಂಟು ಡಿಗ್ರಿ ಕಮ್ಮಿ. ಪಾಕದಲ್ಲಿ ನೀನು ಇಳಿಸಿದ್ದೂ ಎಂಟೇ."

ಅಜ್ಜಿ ಥರ್ಮಾಮೀಟರ್ ನೋಡಿದಳು, ಕುಕ್ಕರ್ ನೋಡಿದಳು, ಆಮೇಲೆ ಚೀಟಿ ನೋಡಿದಳು. ಯಾರೂ ಹೇಳಿಕೊಡಲಿಲ್ಲ, ತಾನಾಗಿಯೇ ಕೇಳಿದಳು. "ಹಂಗಾದ್ರೆ ಇಲ್ಲಿ ಕುಕ್ಕರಿಗೂ ಹತ್ತು ಪೌಂಡ್ ಸಾಲಲ್ವಾ?"

"ಇಂಥ ಒತ್ತಡ ತೋರ್ಸೋ ಮುಳ್ಳಿರೋ ಕುಕ್ಕರಿಗೆ ಇಲ್ಲಿ ಹದಿಮೂರು ಬೇಕು ಅಜ್ಜಿ. ಹತ್ತಕ್ಕೆ ಒಳಗಿನ ಬಿಸಿ ಸಾಕಾಗಲ್ಲ. ಹುರುಳಿಕಾಯೀಲಿ ಹುಳಿ ಇಲ್ಲ, ಅಷ್ಟು ಬಿಸಿ ತಾಗದಿದ್ರೆ ಮಣ್ಣಿಂದ ಬಂದಿರೋ ಕ್ರಿಮಿ ಸಾಯಲ್ಲ. ಜಾಡಿ ಒಳಗೇ ವಿಷ ಮಾಡುತ್ತೆ."

"ಮುಚ್ಚಳ ಎಲ್ಲಾ ಟಣ್ ಅಂತ ಕೂತ್ವು. ನಾನೇ ಎಣಿಸ್ದೆ, ಹದಿನಾಲ್ಕೂ."

"ಮುಚ್ಚಳ ಕೂತ್ರೆ ಒಳಗೆ ಗಾಳಿ ಹೋಗಲ್ಲ, ಅಷ್ಟೇ. ಗಾಳಿ ಇಲ್ದೇ ಇರೋ ಜಾಗಾನೇ ಆ ಕ್ರಿಮಿಗೆ ಬೇಕಿರೋದು."

"ಐವತ್ತು ವರ್ಷದಿಂದ ತಿಂದಿದೀವಿ. ಯಾರಿಗೇನಾಗಿದೆ?"

"ಆಗ್ದೇ ಇದ್ದಿದ್ದು ನಮ್ಮ ಪುಣ್ಯ. ಆ ವಿಷ ಹೊಟ್ಟೆಗೆ ಹೋದ್ರೆ ಮೊದ್ಲು ಕಣ್ಣು ಮಂಜಾಗುತ್ತೆ, ನಾಲಿಗೆ ತೊದಲುತ್ತೆ, ಆಮೇಲೆ ಉಸಿರೇ ನಿಲ್ಲಬಹುದು. ಭಾನುವಾರ ಎಷ್ಟು ಜನ ಊಟಕ್ಕೆ?"

ಅಜ್ಜಿ ಒಂದು ಜಾಡಿ ಎತ್ತಿ ಬೆಳಕಿಗೆ ಹಿಡಿದಳು. ಹಸಿರು ಹಸಿರಾಗಿ, ಒಂದೇ ಅಳತೆಗೆ ಕತ್ತರಿಸಿದ ಕಾಯಿ, ತಿಳಿ ನೀರು. ನೀಲಿ ಪಟ್ಟಿ ಕಟ್ಟುವ ಹಾಗಿತ್ತು.

"ವಾಸ್ನೆ ನೋಡಿದ್ರೆ ಗೊತ್ತಾಗಲ್ವಾ?"

"ಆಗಲ್ಲ. ರುಚೀಲೂ ಗೊತ್ತಾಗಲ್ಲ. ತೆರೀಬೇಡ, ರುಚಿ ನೋಡ್ಲೂ ಬೇಡ. ಮೂರು ದಿನ ಆಗ್ಹೋಯ್ತು, ಮತ್ತೆ ಬೇಯ್ಸಿ ಸರಿ ಮಾಡೋಕೂ ಆಗಲ್ಲ."

ಅಜ್ಜಿ ತಾನೇ ಗಟ್ಟಿ ಚೀಲ ತಂದಳು. ಒಂದೊಂದೇ ಜಾಡಿಯನ್ನು, ಮುಚ್ಚಳ ತೆರೆಯದೆ, ಒಳಗಿಟ್ಟು ಬಿಗಿಯಾಗಿ ಕಟ್ಟಿದಳು.

"ಪಾಕ ಕೆಟ್ಟಾಗ ಹಲ್ಲಿಗೆ ಗೊತ್ತಾಯ್ತು, ತಿದ್ಕೊಂಡೆ" ಎಂದಳು. "ಇದು ಒಂದಿನಾನೂ ನಂಗೆ ಹೇಳ್ಲಿಲ್ವಲ್ಲೇ."

"ಅದು ಹೇಳಲ್ಲ ಅಜ್ಜಿ. ಅದ್ಕೇ ಹೇಳೋಕೊಬ್ಬ ಟೀಚರ್ ಬೇಕು."

ಅಜ್ಜಿ ಫ್ರಿಜ್ಜಿನ ಹತ್ತಿರ ಹೋಗಿ ಫಾರಂ ಕಿತ್ತು ಎರಡು ತುಂಡು ಮಾಡಿದಳು. ಒಂದು ತುಂಡು ಕಸದ ಬುಟ್ಟಿಗೆ ಹೋಯಿತು. ಇನ್ನೊಂದರ ಹಿಂಬದಿ ಖಾಲಿಯಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ 'ಹದಿಮೂರು ಪೌಂಡ್' ಎಂದು ಬರೆದು, ಅಮ್ಮನ ಚೀಟಿಯ ಕೆಳಗೆ ಅಂಟಿಸಿದಳು.

ಭಾನುವಾರ ಚರ್ಚಿನ ಊಟದ ಮೇಜಿನ ಮುಂದೆ ವೆಲ್ಡಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಶಾಲೆಯ ಸಮಿತಿಯಲ್ಲಿರುವಾಕೆ, ಅಜ್ಜಿಯ ಹಳೇ ಗೆಳತಿ.

"ಏನೇ ಆರ್ಡಿತ್, ಹುರುಳಿಕಾಯಿ ಎಲ್ಲಿ? ಬರೀ ಬ್ರೆಡ್ ತಂದಿದೀಯ. ವಯಸ್ಸಾಯ್ತಾ?"

"ಎಸೆದೆ ಕಣೇ, ಹದಿನಾಲ್ಕು ಜಾಡೀನೂ." ಸುತ್ತಲಿನ ಚಮಚಗಳ ಸದ್ದು ನಿಂತಿತು. "ನಿನ್ನ ಕುಕ್ಕರ್ ಮುಳ್ಳು ಎಷ್ಟಕ್ಕೆ ನಿಲ್ಸ್ತೀಯ?"

"ಹತ್ತಕ್ಕೆ. ನೀನೇ ತಾನೆ ಹೇಳ್ಕೊಟ್ಟಿದ್ದು?"

"ತಪ್ಪು ಹೇಳ್ಕೊಟ್ಟೆ. ಬುಧವಾರ ನಿನ್ನ ಕುಕ್ಕರ್ ಎತ್ಕೊಂಡು ಬಾ, ಎಲ್ರೂ ಬನ್ನಿ. ನನ್ನ ಮೊಮ್ಮಗಳು ಸರಿ ಮಾಡಿ ಹೇಳ್ತಾಳೆ." ಆಮೇಲೆ ಅಜ್ಜಿ ಬ್ರೆಡ್ಡಿನ ತಟ್ಟೆ ಕೆಳಗಿಟ್ಟು ಕೇಳಿದಳು. "ನಮ್ಮನೆ ಅಡುಗೆಮನೇಲಿ ಅಷ್ಟು ಜನ ಹಿಡ್ಸಲ್ಲ. ಶಾಲೆ ಹಿಂದಿನ ಆ ಕೋಣೆ ಬೀಗದ ಕೈ ಯಾರ ಹತ್ರ ಇದೆ, ವೆಲ್ಡಾ?"

ಓದುವವರೇ, ಕೇಳುವವರೇ, ನಿಮ್ಮ ಮನೆಯ ಮಗಳೋ ಮಗನೋ ಗೃಹವಿಜ್ಞಾನ ಓದಿ ಟೀಚರ್ ಆಗುತ್ತೇನೆ ಅಂದರೆ ನಗಬೇಡಿ. ಅದೇನು ಓದು ಅಂತ ಕೂರಿಸಿಕೊಂಡು ಕೇಳಿ, ಒಂದು ಪಾಠ ನೀವೇ ಹೇಳಿಸಿಕೊಳ್ಳಿ. ಆಮೇಲೆ ಹೋಗಿ ನಿಮ್ಮೂರ ಶಾಲೆಯಲ್ಲಿ ಆ ಪಾಠದ ಕೋಣೆಗೆ ಬೀಗ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಆರ್ಡಿತ್ ಅಜ್ಜಿಯ ಹಾಗೆ ಬೀಗದ ಕೈ ಕೇಳಿ. ಅದನ್ನು ತೆರೆದು ಒಳಗೆ ಪಾಠ ಹೇಳುವವರು ನಿಮ್ಮ ಮನೆಯಲ್ಲೇ ಇರಬಹುದು. ಅವರನ್ನು ಓದಲು ಕಳಿಸಿ.